ಇಪ್ಪತ್ತೇಳನೆಯ ಪಾದ

ಫೆಬ್ರವರಿ ೪

ಮಗಳೇ, ಬುಗುರೀ,

ನಿನ್ನ ಮೂರು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ. ಒಂದೊಂದಕ್ಕೂ ಬೇರೆ ಬೇರೆ ಬರೆಯುವಷ್ಟು ನನ್ನ ಕೋಪ ಇನ್ನೂ ಇಳಿದಿಲ್ಲ. ಪಕ್ಕದಂಗಡಿ ಟೈಲರ್ ದಿನಾ ಬಂದು "ಬರೆದ್ಯಾ? ಇನ್ನೂ ಬರೆದಿಲ್ವಾ?" ಅಂತ ಪ್ರಾಣ ತಿನ್ನುತ್ತಾನೆ. ಅವನ ಕಾಟ ತಪ್ಪಲಿ ಅಂತ ಬರೆಯುತ್ತಿದ್ದೇನೆ. ಬೇರೆ ಏನೂ ಅಂದುಕೊಳ್ಳಬೇಡ.

ಇಲ್ಲಿ ಲಾರಿ ಓಡಿಸುವ ಕೆಲಸಕ್ಕೆ ಬರವಿತ್ತೇ? ಬಾಂಬು ಬೀಳುವ ಕಡೆಗೇ ಹುಡುಕಿಕೊಂಡು ಹೋಗಿ ನೀರಿನ ಟ್ಯಾಂಕರ್ ಓಡಿಸಬೇಕಿತ್ತೇ? "ಅಲ್ಲಿನ ಜನಕ್ಕೆ ನೀರಿಲ್ಲ ಅಪ್ಪಾ, ಯಾರಾದ್ರೂ ಹೋಗ್ಲೇಬೇಕಲ್ಲ" ಅಂದೆ. ಹೋಗಲಿ, ಯಾರಾದರೂ ಹೋಗಲಿ. ಆ ಯಾರಾದರೂ ನನ್ನ ಮಗಳೇ ಆಗಬೇಕು ಅಂತ ಎಲ್ಲಿ ಬರೆದಿದೆ? ಮೂವತ್ತೊಂದು ವರ್ಷದ ಹೆಣ್ಣು, ಅಪ್ಪನ ಬೂಟಿನಂಗಡಿ ನೋಡಿಕೊಂಡು ಇರಬಾರದಿತ್ತೇ? ಹುಟ್ಟಿದಾಗಿನಿಂದ ಒಂದು ಕಡೆ ನಿಂತವಳಲ್ಲ ನೀನು. ಬುಗುರಿ ಅಂತ ನಿಮ್ಮಮ್ಮ ಹೆಸರಿಟ್ಟದ್ದು ಸುಮ್ಮನೆಯೇ?

ಬಸ್ಸಿನ ಬಾಗಿಲಲ್ಲಿ ನಾನು ಹೇಳಿದ್ದು ನೆನಪಿರಲಿ. "ಎರಡು ಕಾಲಲ್ಲಿ ಹೋಗ್ತಿದ್ದೀಯ, ಎರಡು ಕಾಲಲ್ಲೇ ನಡ್ಕೊಂಡು ವಾಪಸ್ ಬರ್ಬೇಕು. ಇಲ್ದಿದ್ರೆ ನಾನು ಬಾಗಿಲು ತೆಗೆಯಲ್ಲ." ನೀನು ನಕ್ಕೆ. ನಾನು ನಗಲಿಲ್ಲ.

ಈ ಕಾಗದದ ಜೊತೆ ಕಳಿಸಿರುವ ಬೂಟಿಗೆ ಎರಡು ಪದರ ಅಟ್ಟೆ ಹಾಕಿದ್ದೇನೆ, ಭಾರ ಅಂತ ಗೊಣಗಬೇಡ. ಎಡಗಾಲಿನ ಕಿರುಬೆರಳ ಹತ್ತಿರ ಒಂದಿಷ್ಟು ಜಾಗ ಬಿಟ್ಟಿದ್ದೇನೆ. ಒಂಬತ್ತನೇ ವಯಸ್ಸಿನಲ್ಲಿ ಬೇಡ ಬೇಡ ಅಂದರೂ ಬೂಟು ಕೂರಿಸಿ ಹೊಲಿಯುವ ಕಬ್ಬಿಣದ ಅಚ್ಚು ಎತ್ತಲು ಹೋಗಿ ಅದೇ ಬೆರಳ ಮೇಲೆ ಹಾಕಿಕೊಂಡೆಯಲ್ಲ, ಅದು ಒಳಗೆ ಮಡಚಿಕೊಂಡೇ ಕೂಡಿಕೊಂಡಿತು. ಅಂದಿನಿಂದ ನಿನ್ನ ಯಾವ ಬೂಟಿಗೂ ಅಲ್ಲಿ ಜಾಗ ಬಿಡುವುದು ನನಗೆ ಅಭ್ಯಾಸ. ಬೂಟು ಒದ್ದೆಯಾದರೆ ಬೆಂಕಿ ಹತ್ತಿರ ಇಡಬೇಡ. ಹಳೇ ಕಾಗದ ತುರುಕಿ ನೆರಳಲ್ಲಿ ಒಣಗಿಸು. ಈ ಕಾಗದವನ್ನೇ ತುರುಕಿದರೂ ಅಡ್ಡಿಯಿಲ್ಲ.

ಇನ್ನೂ ಕೋಪದಲ್ಲಿರುವ
ನಿನ್ನ ಅಪ್ಪ


ಫೆಬ್ರವರಿ ೨೬

ಅಪ್ಪಾ,

ನಿನ್ನ ಕಾಗದವನ್ನು ಬೂಟಿಗೆ ತುರುಕಿಲ್ಲ. ಟ್ಯಾಂಕರಿನಲ್ಲಿ ನನ್ನ ಸೀಟಿನ ಮುಂದೆ ಸಿಕ್ಕಿಸಿದ್ದೇನೆ. ಇಲ್ಲಿ ಫೋನಿನ ಟವರುಗಳೆಲ್ಲ ಬಿದ್ದಿವೆ. ನಮ್ಮ ಪರಿಹಾರ ಸಂಸ್ಥೆಯ ಟಪಾಲು ಚೀಲ ಹತ್ತು ದಿನಕ್ಕೊಮ್ಮೆ ಹೋಗುತ್ತದೆ, ಅದರಲ್ಲಿ ಬರೆದದ್ದು ಮಾತ್ರ ನಿನಗೆ ಮುಟ್ಟುತ್ತದೆ. ಆದ್ದರಿಂದ ನಿನ್ನ ಬೈಗುಳಕ್ಕೂ ಇಲ್ಲಿ ಬೆಲೆ ಜಾಸ್ತಿ.

ಬೆಳಗ್ಗೆ ಪಂಪ್‌ಹೌಸಿನಲ್ಲಿ ಎಂಟು ಸಾವಿರ ಲೀಟರ್ ತುಂಬಿಸಿಕೊಂಡು ಹೊರಡುತ್ತೇನೆ. ಎರಡು ಸೈನ್ಯಗಳ ನಡುವೆ ಮೂರು ಬಡಾವಣೆ ಸಿಕ್ಕಿಬಿದ್ದಿವೆ. ಮೊದಲು ಈ ಕಡೆಯವರು ನಿಲ್ಲಿಸುತ್ತಾರೆ, ಆಮೇಲೆ ಆ ಕಡೆಯವರು. ಇಬ್ಬರೂ ಟ್ಯಾಂಕು ಬಡಿದು ನೋಡುತ್ತಾರೆ, ಇಬ್ಬರದೂ ಒಂದೇ ಪ್ರಶ್ನೆ: "ಒಳಗೆ ನೀರು ಬಿಟ್ಟು ಇನ್ನೇನಿದೆ?" "ಇನ್ನೂ ಸ್ವಲ್ಪ ನೀರಿದೆ" ಅಂತೀನಿ. ಈ ಕಡೆಯವನು ನಗುತ್ತಾನೆ. ಆ ಕಡೆಯವನು ಇನ್ನೂ ನಕ್ಕಿಲ್ಲ, ಬಿಡುವುದಿಲ್ಲ ಅವನನ್ನ.

ಹೆದರಬೇಡ. ನಮಗೆ ಕಟ್ಟುನಿಟ್ಟಿನ ನಿಯಮಗಳಿವೆ. ಡಾಂಬರು ಬಿಟ್ಟು ಒಂದು ಹೆಜ್ಜೆಯೂ ಕೆಳಗಿಡುವಂತಿಲ್ಲ, ಮಣ್ಣಿನಲ್ಲಿ ಏನು ಹೂತಿದ್ದಾರೋ ಯಾರಿಗೂ ಗೊತ್ತಿಲ್ಲ.

ನೀರಿಗೆ ಸಾಲು ನಿಂತವರ ಮುಖ ನೋಡುವುದು ಬಿಟ್ಟು ನಾನು ಕಾಲು ನೋಡುತ್ತೇನೆ. ಏನು ಮಾಡಲಿ, ನಿನ್ನ ಮಗಳು. ಒಬ್ಬ ಮೇಷ್ಟ್ರು ದಿನಾ ಬರುತ್ತಾರೆ, ಕಾಲಿಗೆ ಹೆಂಗಸರ ಚಪ್ಪಲಿ, ಮೇಲೆ ಕೆಂಪು ಹೂವು. ನಾನು ನೋಡಿದ್ದನ್ನು ಅವರು ನೋಡಿಬಿಟ್ಟರು. "ನಮ್ಮನೆಯವಳದಮ್ಮ. ಮನೆ ಬಿಟ್ಟು ಓಡೋವಾಗ ಕತ್ತಲಲ್ಲಿ ಅದಲು ಬದಲಾಯ್ತು. ಅವಳು ನನ್ನ ಬೂಟು ಮೆಟ್ಕೊಂಡು ಬೇರೆ ದಾರೀಲಿ ಹೋದ್ಲು. ಸಿಕ್ಕಿದ ಮೇಲೆ ಬದಲಾಯಿಸ್ಕೋತೀವಿ" ಅಂದರು. ಸಿಕ್ಕಿದ ಮೇಲೆ ಅಂತಲೇ ಅಂದರು ಅಪ್ಪಾ, ಸಿಕ್ಕಿದರೆ ಅನ್ನಲಿಲ್ಲ.

ನಿನ್ನ ಬುಗುರಿ


ಮಾರ್ಚ್ ೧೫

ಬುಗುರೀ,

ಆ ಮೇಷ್ಟ್ರ ಪಾದವನ್ನು ಒಂದು ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು ಕಳಿಸು. ಪೆನ್ಸಿಲನ್ನು ನೆಟ್ಟಗೆ ಹಿಡಿ, ಓರೆ ಹಿಡಿದರೆ ಕಾಲು ತೆಳ್ಳಗೆ ಬರುತ್ತದೆ. ಅವರ ಬೂಟು ಅವರ ಹೆಂಡತಿ ಹತ್ತಿರವೇ ಇರಲಿ, ನಡೆಯುವವಳಿಗೆ ಬೇಕಾಗುತ್ತದೆ. ಇವರಿಗೆ ನಾನು ಬೇರೆ ಮಾಡಿಕೊಡುತ್ತೇನೆ. ಹೂವಿನ ಚಪ್ಪಲಿಯನ್ನು ಮಾತ್ರ ಒರೆಸಿ ಜೋಪಾನವಾಗಿ ಎತ್ತಿಡಲು ಹೇಳು.

ಕೋಪ ಇಳಿದಿದೆ ಅಂತ ತಿಳಿಯಬೇಡ. ಬೂಟಿನ ವಿಷಯ ಬೇರೆ, ನಿನ್ನ ವಿಷಯ ಬೇರೆ. ಟೈಲರ್ ನಿನ್ನ ಕಾಗದವನ್ನು ಬೀದಿಗೆಲ್ಲ ಓದಿ ಹೇಳಿದ. "ಇನ್ನೂ ಸ್ವಲ್ಪ ನೀರಿದೆ" ಅನ್ನುವುದನ್ನು ತಾನೇ ಹೇಳಿದ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾನೆ.

ಆ ಕಡೆಯವನು ನಕ್ಕನೋ ಇಲ್ಲವೋ ತಿಳಿಸು.

ನಿನ್ನ ಅಪ್ಪ


ಮೇ ೨

ಮಗಳೇ,

ನಾನು ಬರೆದು ಏಳು ವಾರವಾಯಿತು. ಸಂಸ್ಥೆಯ ಚೀಲ ಐದು ಸಲ ಬಂದು ಹೋಯಿತು, ನಿನ್ನದೊಂದು ಚೀಟಿ ಇಲ್ಲ. ಮೇಷ್ಟ್ರ ಅಳತೆಯೂ ಇಲ್ಲ. ಅಪ್ಪ ಬೈದ ಅಂತ ಮುನಿಸೇ? ಮುನಿಸಿಕೊಳ್ಳುವ ಹಕ್ಕು ಈ ಮನೆಯಲ್ಲಿ ನನ್ನೊಬ್ಬನದು. ಕಂಡವರಿಗೆಲ್ಲ ನೀರು ಕೊಡುವವಳಿಗೆ ಹೆತ್ತವನಿಗೆ ನಾಲ್ಕು ಗೆರೆ ಬರೆಯಲು ಕೈ ಬರುವುದಿಲ್ಲವೇ? ಬಾ ನೀನು, ಮಾತಾಡುತ್ತೇನೆ.

ಅಪ್ಪ


ಜೂನ್ ೩

ಬುಗುರೀ,

ಬೈಯುವುದಿಲ್ಲ. ಹಿಂದಿನ ಕಾಗದವನ್ನು ಹರಿದು ಹಾಕು.

ಒಂದೇ ಒಂದು ಗೆರೆ ಬರೆ. ನಿನ್ನ ಅಕ್ಷರ ನೋಡಿದರೆ ಸಾಕು.

ಅಪ್ಪ


ಜೂನ್ ೨೨

ಅಪ್ಪಾ,

ತಪ್ಪಾಯಿತು. ನೂರು ಸಲ ತಪ್ಪಾಯಿತು. ಕೆಲಸ ಬಹಳವಿತ್ತು, ಆಮೇಲೆ ಸ್ವಲ್ಪ ಜ್ವರ, ಆಮೇಲೆ ಕೆಲಸ ಬದಲಾಯಿತು. ಇದನ್ನು ಕೇಳಿದರೆ ನೀನು ಕುಣಿಯುತ್ತೀಯ. ನಾನೀಗ ಟ್ಯಾಂಕರ್ ಓಡಿಸುತ್ತಿಲ್ಲ. ಊರಿನ ಹಿಂಭಾಗದಲ್ಲಿ, ಗುಂಡಿನ ಸದ್ದು ಕೇಳದ ಕಡೆ, ನಮ್ಮ ಸಂಸ್ಥೆಯದೇ ಒಂದು ಕಾರ್ಖಾನೆ ಇದೆ. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡುತ್ತಾರೆ. ಅಲ್ಲಿ ಸೇರಿಕೊಂಡಿದ್ದೇನೆ.

ಈಗ ನೀನು ನಗು. ಮೊಂಡುಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುವುದು, ಆ ಅಚ್ಚನ್ನು ಉಜ್ಜಿ ತಿದ್ದುವುದು, ಎಲ್ಲಿ ಮೂಳೆ ಒತ್ತುತ್ತದೋ ಅಲ್ಲಿ ಜಾಗ ಬಿಡುವುದು. ನಿನ್ನ ಕೆಲಸವೇ ಅಪ್ಪಾ! ಅಂಗಡಿ ಬೇಡ, ಅಚ್ಚು ಬೇಡ ಅಂತ ಓಡಿಬಂದವಳು ಇಲ್ಲಿ ಬೆಳಗಿನಿಂದ ಸಂಜೆವರೆಗೆ ಅಚ್ಚನ್ನೇ ಉಜ್ಜುತ್ತಿದ್ದೇನೆ. ನಮ್ಮ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಕ್ಕ ಅನ್ನುತ್ತಾರೆ. "ಯಾರಮ್ಮಾ ನಿಂಗೆ ಹೀಗೆ ಬೆರಳಲ್ಲಿ ಸವರಿ ನೋಡೋದು ಕಲಿಸಿದ್ದು?" ಅಂತ ಕೇಳಿದರು. ಹೇಳಿದೆ.

ಒಂದು ಕಷ್ಟ ಇದೆ. ಕಾಲು ಮಾಡಿಕೊಡುತ್ತೇವೆ, ಬೂಟಿಲ್ಲ. ದಾನಕ್ಕೆ ಬರುವ ಮೂಟೆಗಳಲ್ಲಿ ಇರುವುದೆಲ್ಲ ಎತ್ತರದ ಹಿಮ್ಮಡಿಯವು, ಇಲ್ಲವೇ ಮಕ್ಕಳವು. ನಿನ್ನ ಕೈಲಿ ಆಗುತ್ತದೆಯೇ? ಹನ್ನೆರಡು ಜನರ ಅಳತೆ ಕಳಿಸಿದ್ದೇನೆ, ಪೆನ್ಸಿಲ್ ನೆಟ್ಟಗೆ ಹಿಡಿದೇ ಎಳೆದಿದ್ದೇನೆ. ಐದನೆಯದು ಒಬ್ಬ ಪೋಸ್ಟ್‌ಮ್ಯಾನ್‌ದು. ಚೆನ್ನಾಗಿ ಮಾಡು, ಅವನು ನಡೆದರೆ ಊರಿಗೇ ಕಾಗದ ಬರುತ್ತದೆ.

ನಿನ್ನ ಬುಗುರಿ


ಜುಲೈ ೨೦

ಬುಗುರೀ,

ನಿನ್ನ ಕಾಗದ ಬಂದ ದಿನ ನಾನು ಟೈಲರನಿಗೆ ಟೀ ಕುಡಿಸಿದೆ. ಮೂವತ್ತು ವರ್ಷದಲ್ಲಿ ಇದೇ ಮೊದಲ ಸಲ ಅಂತ ಅವನು ಬೀದಿಯಲ್ಲೆಲ್ಲ ಸಾರಿದ. ಮಗಳು ಕಾರ್ಖಾನೆಯೊಳಗೆ, ಸೂರಿನ ಕೆಳಗೆ, ಅಚ್ಚಿನ ಮುಂದೆ ಕೂತಿದ್ದಾಳೆ! ಎಷ್ಟು ಸುತ್ತಿದರೂ ಬುಗುರಿ ಕೊನೆಗೆ ದಾರ ಸುತ್ತಿದವನ ಕೈಗೇ ಬರಬೇಕು ಅಂದೆ ಅವನಿಗೆ.

ಹನ್ನೆರಡು ಬೂಟು ಕಳಿಸಿದ್ದೇನೆ. ಬೇರೆ ಎಲ್ಲ ಕೆಲಸ ಬದಿಗಿಟ್ಟು ಮಾಡಿದೆ. ಮನಸ್ಸಿಗೆ ಒಂದು ಥರ ಆಯಿತು, ಹೇಳುತ್ತೇನೆ. ಈ ಕೈ ನಲವತ್ನಾಲ್ಕು ವರ್ಷದಲ್ಲಿ ಒಂಟಿ ಬೂಟು ಮಾಡಿದ್ದಿಲ್ಲ. ಒಂದು ಮುಗಿದ ಕೂಡಲೇ ಕೈ ತಾನಾಗಿ ಇನ್ನೊಂದಕ್ಕೆ ಚರ್ಮ ಕತ್ತರಿಸಲು ಹೋಗುತ್ತಿತ್ತು. ಪ್ರತಿ ಸಲ ಕತ್ತರಿ ಕೆಳಗಿಟ್ಟೆ. ಹನ್ನೆರಡು ಸಲ.

ಪೋಸ್ಟ್‌ಮ್ಯಾನಿನದಕ್ಕೆ ಅಟ್ಟೆ ಮೂರು ಪದರ.

ನಿನ್ನ ಅಪ್ಪ


ಆಗಸ್ಟ್ ೧೬

ಅಯ್ಯೋ ಅಪ್ಪಾ!

ಮೂಟೆ ಬಿಚ್ಚಿದ ದಿನ ಕಾರ್ಖಾನೆಯಲ್ಲಿ ಯಾರೂ ಅರ್ಧ ಗಂಟೆ ಕೆಲಸ ಮಾಡಲಿಲ್ಲ. ಕೃತಕ ಕಾಲಿಗೂ ಪಾದ ಇರುತ್ತದೆ, ರಬ್ಬರಿನ ಪಾದ. ಅದಕ್ಕೂ ಬೂಟು ಬೇಕು! ಜೋಡಿಯೇ ಬೇಕಿತ್ತು! ನಾನು ಹೇಳಲಿಲ್ಲ, ನಿನಗೆ ಹೊಳೆಯಲಿಲ್ಲ. ಅಪ್ಪ ಮಗಳು ಇಬ್ಬರ ತಲೆಯಲ್ಲೂ ಇರುವುದು ಒಂದೇ ಮಣ್ಣು. ದೊಡ್ಡಕ್ಕ ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಪೋಸ್ಟ್‌ಮ್ಯಾನಿಗೆ ಬಲಗಾಲಿಲ್ಲ, ಪಕ್ಕದ ಮಂಚದ ಗಡಿಯಾರ ರಿಪೇರಿಯವನಿಗೆ ಎಡಗಾಲಿಲ್ಲ, ಇಬ್ಬರದೂ ಒಂದೇ ಅಳತೆ. "ಬಿಡ್ರೀ, ನಮ್ಮಿಬ್ಬರಿಗೆ ಸೇರಿ ಒಂದು ಜೊತೆ ಸಾಕು. ಒಟ್ಟಿಗೇ ತಿರುಗಾಡ್ತೀವಿ" ಅಂದ ಪೋಸ್ಟ್‌ಮ್ಯಾನ್. ಆಸ್ಪತ್ರೆಯಿಂದ ಬಂದ ಮೇಲೆ ಗಡಿಯಾರದವನು ನಕ್ಕದ್ದನ್ನು ನಾವು ನೋಡಿದ್ದು ಅವತ್ತೇ. ಹಾಗಾಗಿ ನಿನ್ನ ತಪ್ಪು ಸಾರ್ಥಕ.

ಈ ಸಲ ಒಂದು ರಬ್ಬರ್ ಪಾದ ಕಳಿಸಿದ್ದೇನೆ, ನೋಡಿಕೋ. ಅದು ನಿನ್ನ ಮಾತು ಕೇಳುವುದಿಲ್ಲ, ಬಾಗುವುದಿಲ್ಲ. ಆದ್ದರಿಂದ ಬೂಟಿನ ಬಾಯಿ ಅಗಲವಾಗಿರಬೇಕು. ಎಲ್ಲಕ್ಕಿಂತ ಮುಖ್ಯ, ಹಿಮ್ಮಡಿಯ ಎತ್ತರ ಹದಿನೈದು ಮಿಲಿಮೀಟರ್. ಒಂದು ಕೂದಲೂ ಹೆಚ್ಚು ಕಡಿಮೆ ಆಗಬಾರದು. ಹೆಚ್ಚಾದರೆ ಮುಂದಕ್ಕೆ ಮುಗ್ಗರಿಸುತ್ತಾರೆ, ಕಡಿಮೆಯಾದರೆ ಹಿಂದಕ್ಕೆ ಬೀಳುವ ಹಾಗೆ ಅನ್ನಿಸುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ.

ಮೇಷ್ಟ್ರ ಹೆಂಡತಿ ಸಿಕ್ಕಿದರು! ನಲವತ್ತು ದಿನ ಗಂಡನ ಬೂಟಿನಲ್ಲಿ ನಡೆದು, ಇನ್ನೊಂದು ಶಿಬಿರದಲ್ಲಿದ್ದರು. ನಮ್ಮ ಸಂಸ್ಥೆಯವರೇ ಪಟ್ಟಿಗಳನ್ನು ಹೋಲಿಸಿ ಹುಡುಕಿದರು.

ಹನ್ನೆರಡು ಜನರಿಗೆ ಇನ್ನೊಂದೊಂದು ಬೂಟು ಮಾಡಬೇಕು, ಜೊತೆಗೆ ಹೊಸದಾಗಿ ಹದಿನೈದು ಜನರ ಅಳತೆ ಇದೆ. ನಂಬರ್ ಹಾಕಿ ಪಕ್ಕದಲ್ಲಿ ಯಾವ ಕಾಲು ಹೋಗಿದೆ ಅಂತ ಬರೆದಿದ್ದೇನೆ. ಇಪ್ಪತ್ತೇಳನೆಯದು ಒಬ್ಬ ಹೆಂಗಸಿನದು, ಮೂವತ್ತೊಂದು ವರ್ಷ, ಬಲಗಾಲು ಮೊಣಕಾಲ ಕೆಳಗೆ. ಅವಸರವಿಲ್ಲ. ಎಲ್ಲರದೂ ಆದ ಮೇಲೆ ಮಾಡು.

ನಿನ್ನ ಬುಗುರಿ


ಸೆಪ್ಟೆಂಬರ್ ೧೨

ಮಗಳೇ,

ಇಪ್ಪತ್ತಾರು ಜನರದೂ ಮುಗಿಯಿತು. ಹಿಮ್ಮಡಿಯನ್ನು ಎರಡೆರಡು ಸಲ ಅಳೆದಿದ್ದೇನೆ.

ಇವತ್ತು ಬೆಳಗ್ಗೆ ಇಪ್ಪತ್ತೇಳನೆಯ ಕಾಗದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ನಿಮ್ಮಮ್ಮನ ಕಾಲಿನ ಹಾಗೆ ಅಂದುಕೊಂಡೆ. ಅಂಥ ಕಾಲು ಲೋಕದಲ್ಲಿ ಸಾವಿರ ಇರುತ್ತವೆ. ಆಮೇಲೆ ಕಿರುಬೆರಳ ಹತ್ತಿರ ಗೆರೆ ಒಳಗೆ ಹೋಗಿರುವುದು ಕಂಡಿತು. ಬೆರಳು ಇರಬೇಕಾದ ಕಡೆ ಬೆರಳಿಲ್ಲ, ಮಡಚಿಕೊಂಡಿದೆ.

ನಾನು ನಂಬಲಿಲ್ಲ. ಮೇಲಿನ ಹಲಗೆಯಿಂದ ನಿಮ್ಮಮ್ಮನ ಕಾಲಿನ ಅಚ್ಚು ಇಳಿಸಿದೆ. ಅವಳು ಹೋಗಿ ಹತ್ತೊಂಬತ್ತು ವರ್ಷವಾದರೂ ಅದನ್ನು ಒರೆಸಿಯೇ ಇಟ್ಟಿದ್ದೇನೆ, ಯಾಕೆಂದರೆ ನಿನ್ನ ಬೂಟು ಮಾಡುವುದು ಅದರ ಮೇಲೆಯೇ. ಕಾಗದದ ಮೇಲಿಟ್ಟೆ. ಕಿರುಬೆರಳೊಂದು ಬಿಟ್ಟು ಸುತ್ತಲೂ ಕೂತುಬಿಟ್ಟಿತು.

ಬಲಗಾಲು ಮೊಣಕಾಲ ಕೆಳಗೆ ಅಂತ ನಿನ್ನ ಅಕ್ಷರದಲ್ಲೇ ಬರೆದಿದೆ. ಎಷ್ಟು ದುಂಡಗೆ ಬರೆದಿದ್ದೀಯ.

ಅಂಗಡಿಯ ಬಾಗಿಲು ಎಳೆದುಕೊಂಡು ನೆಲದ ಮೇಲೆ ಕೂತು ಅತ್ತೆ. ಟೈಲರ್ ಬಾಗಿಲು ಬಡಿದ, "ಏನಾಯ್ತೋ, ಬಾಗಿಲು ತೆಗೆಯೋ" ಅಂತ ಕೂಗಿದ. ತೆಗೆಯಲಿಲ್ಲ. ಆಗ ಬಸ್ಸಿನ ಹತ್ತಿರ ನಾನು ಆಡಿದ ಮಾತು ನೆನಪಾಯಿತು. ನೀನು ಯಾಕೆ ಹೇಳಲಿಲ್ಲ ಅಂತ ಅರ್ಥವಾಯಿತು. ನನ್ನ ಬಾಯಿಗೆ ಇಷ್ಟು ವಯಸ್ಸಾದರೂ ಬುದ್ಧಿ ಬರಲಿಲ್ಲ. ಜೂನಿನಲ್ಲಿ ಕಾರ್ಖಾನೆಗೆ ಸೇರಿದೆ ಅಂತ ನೀನು ಬರೆದಾಗ ನಾನು ಟೀ ಕುಡಿಸಿದೆ. ಟೀ ಕುಡಿಸಿದೆ ಕಣೇ.

ನೋವಿದೆಯೇ? ನಿದ್ದೆ ಬರುತ್ತದೆಯೇ? ಯಾರು ಇದ್ದರು ಹತ್ತಿರ?

ಅಪ್ಪ


ಸೆಪ್ಟೆಂಬರ್ ೨೮

ಅಪ್ಪಾ,

ಈಗ ನೋವು ಕಡಿಮೆ. ನಿದ್ದೆ ಬರುತ್ತದೆ. ಹತ್ತಿರ ದೊಡ್ಡಕ್ಕ ಇದ್ದರು.

ಎಲ್ಲವನ್ನೂ ಹೇಳುತ್ತೇನೆ. ಏಪ್ರಿಲ್ ಹನ್ನೊಂದು, ಬೆಳಗ್ಗೆ ಒಂಬತ್ತು ಗಂಟೆ. ಕಿರಿದಾದ ರಸ್ತೆ, ಇನ್ನೊಂದು ಟ್ಯಾಂಕರ್ ಹಿಂದಕ್ಕೆ ತಿರುಗುತ್ತಿತ್ತು. ಕೈ ತೋರಿಸಲು ಇಳಿದೆ. "ಬರ್ಲಿ, ಬರ್ಲಿ" ಅನ್ನುತ್ತಾ ಹಿಂದೆ ಹಿಂದೆ ಹೋಗುವಾಗ ಡಾಂಬರು ಮುಗಿದದ್ದು ನೋಡಲಿಲ್ಲ. ಎರಡೇ ಹೆಜ್ಜೆ, ಮಣ್ಣಿನಲ್ಲಿ ಹೂತಿದ್ದದ್ದು ಸಿಡಿಯಿತು. ಸಾಹಸವೂ ಇಲ್ಲ, ಯಾರನ್ನೂ ಕಾಪಾಡಲೂ ಇಲ್ಲ. ಎಲ್ಲರಿಗೂ ನಿಯಮ ಹೇಳುತ್ತಿದ್ದವಳು ನಾನೇ ಮರೆತೆ.

ಮೊದಲು ಓಡಿಬಂದವನು ಯಾರು ಗೊತ್ತೇ? ಆ ಕಡೆಯ ಕಾವಲಿನವನು, ನಗದವನು. ತನ್ನ ಸೊಂಟದ ಪಟ್ಟಿ ಬಿಚ್ಚಿ ನನ್ನ ತೊಡೆಗೆ ಬಿಗಿದ. "ಕಣ್ಣು ಮುಚ್ಚಬೇಡ, ಟ್ಯಾಂಕರಲ್ಲಿ ಏನಿದೆ ಹೇಳು, ಏನಿದೆ ಹೇಳು" ಅಂತ ಕೇಳುತ್ತಲೇ ಇದ್ದ. "ನೀರು" ಅಂದೆನಂತೆ.

ಡಾಕ್ಟರು ನನ್ನ ಬೂಟಿನ ಚೂರು ನೋಡಿ, ಅಟ್ಟೆ ಇಷ್ಟು ದಪ್ಪ ಇದ್ದದ್ದಕ್ಕೇ ಮೊಣಕಾಲು ಉಳಿಯಿತು ಅಂದರು. ಸಮಾಧಾನಕ್ಕೆ ಅಂದರೋ ನಿಜವೋ ಗೊತ್ತಿಲ್ಲ. ನಾನು ನಿಜ ಅಂತಲೇ ನಂಬಿದ್ದೇನೆ. ನೀನೂ ನಂಬು.

ಕಚೇರಿಯವರು ಮನೆಗೆ ತಿಳಿಸುತ್ತೇವೆ ಅಂದರು. ನಾನೇ ಬರೆಯುತ್ತೇನೆ ಅಂತ ಸಹಿ ಹಾಕಿ ಕೊಟ್ಟೆ. ಬರೆಯಲು ಕೂತಾಗಲೆಲ್ಲ ನೀನು ಬಸ್ಸಿನ ಬಾಗಿಲಲ್ಲಿ ನಿಂತಿರುತ್ತಿದ್ದೆ. ನೀನು ಬಾಗಿಲು ಹಾಕುತ್ತೀಯ ಅಂತ ನಾನು ಹೆದರಲಿಲ್ಲ, ಅಷ್ಟು ದಡ್ಡಿಯಲ್ಲ. ಆ ಮಾತು ಆಡಿದ್ದಕ್ಕೆ ಬದುಕಿಡೀ ನಿನ್ನನ್ನು ನೀನೇ ಬೈದುಕೊಳ್ಳುತ್ತೀಯ ಅಂತ ಹೆದರಿದೆ.

ಎರಡು ತಿಂಗಳು ಗೋಡೆ ನೋಡುತ್ತಾ ಮಲಗಿದ್ದೆ. ಒಂದು ದಿನ ದೊಡ್ಡಕ್ಕ ಮಂಚದ ಮೇಲೆ ಪ್ಲಾಸ್ಟರಿನ ಅಚ್ಚೊಂದನ್ನು ತಂದಿಟ್ಟು, "ಗೋಡೆ ಎಲ್ಲೂ ಹೋಗಲ್ಲ. ಇದನ್ನು ಉಜ್ಜಿ ಕೊಡು, ಕೈ ಖಾಲಿ ಇದೆಯಲ್ಲ" ಅಂದರು. ಒಂಬತ್ತು ಜನರ ಕಾಲು ಮಾಡಿದ ಮೇಲೆ ನನ್ನದನ್ನು ನಾನೇ ಮಾಡಿಕೊಂಡೆ. ಮೊದಲನೆಯದು ಕೆಟ್ಟಿತು, ಎರಡನೆಯದು ನಿಂತಿತು. ಈಗ ಕೋಲಿಲ್ಲದೆ ನಡೆಯುತ್ತೇನೆ, ಆದರೆ ದಾನಕ್ಕೆ ಬಂದ ಬೂಟು ಕಚ್ಚುತ್ತದೆ.

ಅಳತೆ ಯಾಕೆ ಕಳಿಸಿದೆ ಅಂದರೆ, ಬೂಟಿಗೆ ಅಂತ ನನಗೆ ನಾನೇ ಹೇಳಿಕೊಂಡೆ. ಬಾಯಿಂದ ಬಾರದ್ದನ್ನು ಕಾಲಿಂದ ಹೇಳಿಸಿದೆ. ಬೇರೆ ಯಾರಿಗೂ ಗೊತ್ತಾಗದ್ದು ನಿನಗೆ ಗೊತ್ತಾಗುತ್ತದೆ ಅಂತ ಗೊತ್ತಿತ್ತು.

ಬುಗುರಿಗೆ ಮೊದಲಿಂದಲೂ ಒಂದೇ ಕಾಲು ಅಲ್ಲವೇ ಅಪ್ಪಾ? ಅಳಬೇಡ.

ನಿನ್ನ ಬುಗುರಿ


ಅಕ್ಟೋಬರ್ ೧೪

ಬುಗುರೀ,

ಕಾಲಿನ ಜೋಕು ಮಾಡಬೇಡ. ಮಾಡುವುದಾದರೆ ಎದುರಿಗೆ ಮಾಡು, ಕಿವಿ ಹಿಂಡಬಹುದು.

"ಕೂಡಲೇ ಮನೆಗೆ ಬಾ" ಅಂತ ಮೂರು ಸಲ ಬರೆದು ಹರಿದೆ. ನಾಲ್ಕನೆಯದನ್ನು ಟೈಲರ್ ಹರಿದ. "ಆ ಪೋಸ್ಟ್‌ಮ್ಯಾನ್ ಕಾಲು ಮಾಡ್ದೋರು ಯಾರು? ಗಡಿಯಾರದವನದು? ಇನ್ನೂ ಸಾಲಲ್ಲಿ ಎಷ್ಟು ಜನ ಕೂತಿದ್ದಾರೆ? ನೀನು ಅಪ್ಪ, ಅಷ್ಟೇ ಕಣಯ್ಯ, ಅವಳ ಯಜಮಾನ ಅಲ್ಲ" ಅಂದ. ಬೇರೆ ದಿನವಾಗಿದ್ದರೆ ಅವನನ್ನು ಅಂಗಡಿಯಿಂದ ಓಡಿಸುತ್ತಿದ್ದೆ. ಅವತ್ತು ಹರಿದ ಚೂರುಗಳನ್ನು ಗುಡಿಸಿ ಹೊಸ ಕಾಗದ ತೆಗೆದೆ. ಆದ್ದರಿಂದ ಹೀಗೆ ಬರೆಯುತ್ತೇನೆ: ನಿನಗೆ ಯಾವಾಗ ಆಗುತ್ತದೋ ಆಗ ಬಾ. ಬಂದು ಹೋಗು. ಹೋಗು ಅನ್ನುವುದನ್ನು ಬರೆಯಲು ಒಂದು ವಾರ ಹಿಡಿಯಿತು.

ಆ ಕಾವಲಿನವನ ಕಾಲಿನ ಅಳತೆ ಸಿಕ್ಕಿದರೆ ಕಳಿಸು. ಅವನು ಯಾವ ಕಡೆಯವನೋ ನನಗೆ ಬೇಡ.

ಇಪ್ಪತ್ತೇಳನೆಯ ಜೋಡಿ ಈ ಮೂಟೆಯಲ್ಲಿದೆ. ಕಂದು ಬಣ್ಣ. ಎಡಗಾಲಿನದನ್ನು ನಿಮ್ಮಮ್ಮನ ಅಚ್ಚಿನ ಮೇಲೆ, ಬಲಗಾಲಿನದನ್ನು ನೀನು ಕಳಿಸಿದ ರಬ್ಬರ್ ಪಾದದ ಮೇಲೆ ಮಾಡಿದೆ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ. ಯಾವುದು ಯಾವುದು ಅಂತ ಟೈಲರನಿಗೆ ಗೊತ್ತಾಗಲಿಲ್ಲ.

ಬಡಗಿಯನ್ನು ಕರೆಸಿ ಮೇಲಿನ ಮನೆಯ ಮೆಟ್ಟಿಲಿಗೆ ಕೈಹಿಡಿ ಹಾಕಿಸಿದ್ದೇನೆ. ಹನ್ನೊಂದು ಮೆಟ್ಟಿಲು ಕಷ್ಟವಾದೀತು ಅಂತ ನಿನ್ನ ಮಂಚವನ್ನು ಕೆಳಗೆ ಅಂಗಡಿಗೆ ಇಳಿಸಿದ್ದೇನೆ.

ಬಾಗಿಲಿನ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆಡಲೇಬಾರದಿತ್ತು. ನನ್ನನ್ನು ಕ್ಷಮಿಸು ಮಗಳೇ.

ನಿನ್ನ ಅಪ್ಪ


ನವೆಂಬರ್ ೧೯

ಅಪ್ಪಾ,

ಬೂಟು ಹಾಕಿಕೊಂಡು ಕಾರ್ಖಾನೆಯ ಅಂಗಳದಲ್ಲಿ ಹನ್ನೆರಡು ಸುತ್ತು ಹಾಕಿದೆ. ಕಿರುಬೆರಳ ಹತ್ತಿರ ಜಾಗ ಇದೆ. ಬಲಗಡೆ ಬೂಟಿನೊಳಗೂ ಅದೇ ಜಾಗ ಬಿಟ್ಟಿದ್ದೀಯಲ್ಲ, ರಬ್ಬರ್ ಪಾದಕ್ಕೆ ಯಾವ ಕಿರುಬೆರಳು ನೋಯುತ್ತದೆ? ದೊಡ್ಡಕ್ಕನಿಗೆ ತೋರಿಸಿದೆ. ಇಬ್ಬರೂ ನಗಲು ಹೊರಟೆವು, ಆಗಲಿಲ್ಲ.

ಡಿಸೆಂಬರ್ ಇಪ್ಪತ್ತೊಂದಕ್ಕೆ ಬರುತ್ತೇನೆ, ಹತ್ತು ದಿನ ರಜೆ. ಆಮೇಲೆ ವಾಪಸ್, ನಲವತ್ತು ಜನ ಸಾಲಿನಲ್ಲಿದ್ದಾರೆ. ನೀನೇ ಹೋಗು ಅಂದಿದ್ದೀಯ, ಕಾಗದ ಜೋಪಾನವಾಗಿಟ್ಟಿದ್ದೇನೆ.

ಬಸ್ ನಿಲ್ದಾಣಕ್ಕೆ ಬರಬೇಡ. ಅಲ್ಲಿಂದ ಅಂಗಡಿವರೆಗೆ ನಾನೇ ನಡೆದು ಬರುತ್ತೇನೆ. ಮಂಚವನ್ನು ಮೇಲಕ್ಕೆ ಹತ್ತಿಸು, ಹನ್ನೊಂದು ಮೆಟ್ಟಿಲು ನನಗೆ ಯಾವ ಲೆಕ್ಕ?

ನಿನ್ನ ಬುಗುರಿ


ಜನವರಿ ೯

ಬುಗುರೀ,

ನೀನು ಹೋಗಿ ಎಂಟು ದಿನವಾಯಿತು. ಎದುರಿಗಿದ್ದಾಗ ಹೇಳಲು ಆಗಲಿಲ್ಲ, ಬರೆಯುತ್ತೇನೆ.

ನೀನು ಬರುವ ದಿನ ಬೆಳಗ್ಗೆ ಆರಕ್ಕೇ ಅಂಗಡಿಯ ಬಾಗಿಲು ತೆಗೆದು, ಮತ್ತೆ ಗಾಳಿಗೆ ಮುಚ್ಚಿಕೊಳ್ಳದಿರಲಿ ಅಂತ ಕಬ್ಬಿಣದ ಅಚ್ಚು ಒತ್ತು ಕೊಟ್ಟೆ. ನಿನ್ನ ಬೆರಳು ಮುರಿದ ಅದೇ ಅಚ್ಚು. ನಿಲ್ದಾಣಕ್ಕೆ ಬರಬೇಡ ಅಂದಿದ್ದೆ, ಬರಲಿಲ್ಲ. ಬೀದಿಯ ಕಡೆ ನೋಡಿದರೆ ಓಡಿಬಂದುಬಿಡುತ್ತೇನೆ ಅಂತ ಬಾಗಿಲಿಗೆ ಬೆನ್ನು ಹಾಕಿ ಕೂತೆ. ನೀನು ಅದನ್ನು ನೋಡಿ, ಅಪ್ಪನಿಗೆ ಇನ್ನೂ ಕೋಪ ಅಂದುಕೊಂಡೆಯೇನೋ. ಕೋಪವಲ್ಲ. ಕೇಳಿಸಿಕೊಳ್ಳುತ್ತಿದ್ದೆ. ಈ ಬೀದಿಯಲ್ಲಿ ಯಾರು ಬಂದರೂ ನಾನು ತಲೆ ಎತ್ತುವ ಮೊದಲು ಹೆಜ್ಜೆಯಿಂದಲೇ ಗುರುತು ಹಿಡಿಯುತ್ತೇನೆ, ನಿನಗೆ ಗೊತ್ತು.

ಟೈಲರನ ಅಂಗಡಿ ದಾಟಿ ಒಂದು ಹೆಜ್ಜೆ ಕೇಳಿಸಿತು. ಎಡಗಾಲಿನದು ನಿನ್ನದೇ, ಅನುಮಾನವಿಲ್ಲ. ಬಲಗಾಲಿನದು ಹೊಸದು, ಒಂಚೂರು ಗಟ್ಟಿ, ಒಂಚೂರು ನಿಧಾನ. ಎರಡು ಹೆಜ್ಜೆ, ಮತ್ತೆರಡು ಹೆಜ್ಜೆ. ನಾನು ಎಣಿಸುತ್ತಾ ಕೂತೆ. ಒಂದೂ ತಪ್ಪಲಿಲ್ಲ.

ಎರಡು ಕಾಲಲ್ಲೇ ಬಂದೆ ಮಗಳೇ. ಒಂದನ್ನು ನಿಮ್ಮಮ್ಮ ಕೊಟ್ಟಳು, ಇನ್ನೊಂದನ್ನು ನೀನೇ ಮಾಡಿಕೊಂಡೆ. ನಾನು ಕೇಳಿದ್ದು ಅಷ್ಟೇ ತಾನೇ?

ನೀನು ಬಿಟ್ಟುಹೋದ ನಿನ್ನ ಬಲಗಾಲಿನ ಪ್ಲಾಸ್ಟರಿನ ಅಚ್ಚನ್ನು ಮೇಲಿನ ಹಲಗೆಯಲ್ಲಿ ನಿಮ್ಮಮ್ಮನ ಅಚ್ಚಿನ ಪಕ್ಕದಲ್ಲಿಟ್ಟಿದ್ದೇನೆ. ಹೊಸ ನಲವತ್ತು ಅಳತೆ ಬೇಗ ಕಳಿಸು, ಚರ್ಮ ನೆನೆಹಾಕಿದ್ದೇನೆ. ಟೈಲರನೂ ಅಟ್ಟೆ ಹೊಲಿಯಲು ಕೂರುತ್ತಾನಂತೆ, ಏನು ಕೆಡಿಸುತ್ತಾನೋ. ಹೊರಡುವ ದಿನ ನೋಡಿದೆ, ನಿನ್ನ ಬಲಗಡೆ ಹಿಮ್ಮಡಿ ಹೊರಗಂಚಿನಲ್ಲಿ ಸವೆಯುತ್ತಿದೆ. ಅರ್ಧದಷ್ಟು ಸವೆಯುವ ಮೊದಲೇ ಕಳಿಸು, ಹೊಸದು ಹಾಕಿಕೊಡುತ್ತೇನೆ.

ಬಾಗಿಲ ಬಳಿಯೇ ಕೂತು ಕೆಲಸ ಮಾಡುವ
ನಿನ್ನ ಅಪ್ಪ